ಮೂರನೇ ಕೇರಿಯ ಕೊಕ್ಕೆ

"ಅವ್ರವ್ರ ಜಗಳ ಅಲ್ದ ಮೇಡಂ? ಅದ್ರಲ್ಲಿ ನಮಗೆಂತ ಕೆಲ್ಸ?"

ಕೇಳಿದವನು ಕೊನೆಯ ಬೆಂಚಿನವನು. ನಾನು ಕುಮಟೆಯ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. ಅಂದಿನ ಪಾಠ ಅಂತರರಾಷ್ಟ್ರೀಯ ಶಾಂತಿಪಾಲನೆ. ಎಲ್ಲೋ ದೂರದ ದೇಶದಲ್ಲಿ ಎರಡು ಬಣ ಹೊಡೆದಾಡಿಕೊಂಡರೆ, ಸಂಬಂಧವೇ ಇಲ್ಲದ ದೇಶಗಳು ತಮ್ಮ ಸೈನಿಕರ ತಲೆಗೆ ನೀಲಿ ಟೊಪ್ಪಿ ಹಾಕಿ ನಡುವೆ ನಿಲ್ಲಿಸುತ್ತವಲ್ಲ, ಅದು ಯಾಕೆ ಎಂಬ ಪಾಠ. ಹುಡುಗನ ಮುಖದಲ್ಲಿ ತಂಟೆ ಇರಲಿಲ್ಲ. ನಿಜವಾಗಿಯೂ ತಿಳಿಯಬೇಕಿತ್ತು ಅವನಿಗೆ.

ನಾನು ಪುಸ್ತಕದಲ್ಲಿದ್ದದ್ದನ್ನೆಲ್ಲ ಹೇಳಿದೆ. ದೇಶಕ್ಕೆ ಹೆಸರು ಬರುತ್ತದೆ, ಜಗತ್ತಿನ ದೊಡ್ಡ ಮೇಜಿನ ಹತ್ತಿರ ಕುರ್ಚಿ ಕೇಳಲು ಮುಖ ಇರುತ್ತದೆ. ಸೈನ್ಯಕ್ಕೆ ಅನುಭವ ಸಿಗುತ್ತದೆ, ಕೆಲವು ಬಡ ದೇಶಗಳಿಗೆ ಸೈನಿಕರ ಭತ್ಯೆಯೇ ಒಂದು ಆದಾಯ. ಇನ್ನು ಕೆಲವರಿಗೆ ಪಕ್ಕದ ದೇಶದ ಗಲಾಟೆ ತಮ್ಮ ಗಡಿ ದಾಟಿ ಬಂದೀತು ಎಂಬ ಹೆದರಿಕೆ. ನಮ್ಮ ಸಂವಿಧಾನದಲ್ಲೂ ಲೋಕಶಾಂತಿಗಾಗಿ ಪ್ರಯತ್ನಿಸಬೇಕು ಎಂಬ ಮಾತಿದೆ. ಶ್ರೀಮಂತ ದೇಶಗಳು ಹೆಚ್ಚಾಗಿ ದುಡ್ಡು ಕೊಡುತ್ತವೆ, ಬಡ ದೇಶಗಳು ಹೆಚ್ಚಾಗಿ ಮನುಷ್ಯರನ್ನು ಕೊಡುತ್ತವೆ ಎಂದೂ ಸೇರಿಸಿದೆ. ಇದು ಪುಸ್ತಕದಲ್ಲಿರಲಿಲ್ಲ, ನನ್ನ ನಾಲಿಗೆಯದ್ದು.

"ಅಷ್ಟಕ್ಕೆ ಸಾಯೂಕೆ ಹೋಗ್ತ್ರಾ?" ಎಂದ.

ಕ್ಲಾಸು ನಕ್ಕಿತು. ನನಗೆ ಮೈಯೆಲ್ಲ ಉರಿಯಿತು. ಆ ಹೊತ್ತಿಗೆ ನನ್ನ ತಮ್ಮ ಆಫ್ರಿಕಾದ ಒಂದು ದೇಶದಲ್ಲಿ, ಮರಳಿನ ಚೀಲಗಳ ಹಿಂದೆ, ಅದೇ ನೀಲಿ ಟೊಪ್ಪಿ ಹಾಕಿಕೊಂಡು ನಿಂತಿದ್ದ. ಕ್ಲಾಸಿನಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ಗಂಟೆ ಹೊಡೆಯಿತು, ನಾನು ಬಚಾವಾದೆ.

ಸ್ಟಾಫ್ ರೂಮಿನಲ್ಲಿ ಈ ಮಾತು ಹೇಳಿದಾಗ ಭಟ್ಕಳದ ನನ್ನ ಸಹೋದ್ಯೋಗಿಯೊಬ್ಬರು ಜೋರಾಗಿ ನಕ್ಕರು. ಅವರು ದಿನಾ ಭಟ್ಕಳದಿಂದ ಓಡಾಡುವವರು, ಮನೆಯಲ್ಲಿ ನವಾಯತಿ, ನಮ್ಮೊಡನೆ ಕನ್ನಡ, ಸಿಟ್ಟು ಬಂದರೆ ಉರ್ದು. ಹಬ್ಬಗಳು ಹತ್ತಿರ ಬಂದಾಗಲೆಲ್ಲ ಅವರ ಊರಲ್ಲಿ ಶಾಂತಿ ಸಮಿತಿಯ ಸಭೆ ಆಗುತ್ತದೆ, ಅವರು ಅದರ ಸದಸ್ಯರು.

"ಸಮಿತಿಗೆ ಯಾಕೆ ಸೇರ್ತಾರೆ ಗೊತ್ತುಂಟಾ ಟೀಚರ್? ಪೊಲೀಸ್ ಸಾಹೇಬರ ಪಕ್ಕ ಕುರ್ಚಿ ಸಿಗ್ತದೆ. ಚಹಾ ಬಿಸ್ಕೀಟು ಸಿಗ್ತದೆ. ಪೇಪರಲ್ಲಿ ಫೋಟೋ. ನಾನೂ ಅದಕ್ಕೇ ಸೇರಿದ್ದು, ಸುಳ್ಳು ಯಾಕೆ ಹೇಳ್ಬೇಕು? ಆದ್ರೆ ಒಂದು ದಿನ ಬೀದೀಲಿ ಜನ ಸೇರ್ತಾರೆ ನೋಡಿ, ಆಗ ಆ ಕುರ್ಚಿ ಮೇಲೆ ಕೂತವನೇ ಹೋಗಿ ನಡುವೆ ನಿಲ್ಬೇಕು. ಹೋಗದೇ ಇದ್ರೆ ಮರುದಿನ ಮೀನಂಗಡಿಗೆ ಹೋಗುವ ಮುಖ ಇರೂದಿಲ್ಲ."

"ನೀವು ಹೋಗಿದ್ದೀರಾ?"

ಅವರು ನಗು ನಿಲ್ಲಿಸಿ ಊಟದ ಡಬ್ಬಿಯ ಮುಚ್ಚಳ ಹಾಕಿದರು. "ಹೋಗಿದ್ದೇನೆ," ಎಂದರು.

ನಮ್ಮ ಮನೆಯ ಕತೆಯೂ ಇಂಥದ್ದೇ, ಆದರೆ ಅದನ್ನು ಅವರಿಗೆ ಹೇಳುವ ಮನಸ್ಸಾಗಲಿಲ್ಲ.

ತದಡಿಯ ಬಂದರಿನಿಂದ ಹೊಳೆಯ ಗುಂಟ ಒಳಗೆ ಬಂದರೆ ನಮ್ಮೂರು. ಅಲ್ಲಿ ಹೊಳೆಯ ಮಟ್ಟಕ್ಕಿಂತ ತಗ್ಗಾದ ಗದ್ದೆಗಳಿವೆ, ಗಜನಿ ಎನ್ನುತ್ತೇವೆ. ಮಳೆಗಾಲದಲ್ಲಿ ಸಿಹಿನೀರು ತುಂಬಿದಾಗ, ಅಷ್ಟಿಷ್ಟು ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುತ್ತದೆ. ಭತ್ತ ಕೊಯ್ದ ಮೇಲೆ ಉಪ್ಪುನೀರು ಬಿಟ್ಟುಕೊಂಡರೆ ಸಿಗಡಿ ಬೆಳೆಯುತ್ತದೆ. ಹೊಳೆಗೂ ಗದ್ದೆಗೂ ನಡುವೆ ಮಣ್ಣಿನ ಕಟ್ಟೆ, ಕಟ್ಟೆಯಲ್ಲೊಂದು ಬಾಗಿಲು, ಬಾಗಿಲಿಗೆ ಒಂದರ ಮೇಲೊಂದು ಕೂರಿಸಿದ ಮರದ ಹಲಗೆಗಳು. ಭತ್ತ ಮೇಲಿನಕೇರಿಯವರದು, ಅವರಿಗೆ ಹಲಗೆ ಮುಚ್ಚಿರಬೇಕು. ಸಿಗಡಿ ಕೆಳಗಿನಕೇರಿಯವರದು, ಅವರಿಗೆ ಹಲಗೆ ತೆಗೆಯಬೇಕು. ಒಂದು ಉಬ್ಬರ ಮೊದಲು ತೆಗೆದರೆ ಅಷ್ಟೊಂದು ಉಪ್ಪಿಗೆ ಭತ್ತ ಸುಟ್ಟುಹೋಗುತ್ತದೆ. ಒಂದು ಉಬ್ಬರ ತಡವಾದರೆ ಸಿಗಡಿ ಮರಿ ಒಳಗೆ ಬರುವುದಿಲ್ಲ.

ಈ ಜಗಳಕ್ಕೆ ಹಿಂದಿನವರು ಕಂಡುಕೊಂಡ ಪದ್ಧತಿ ಒಂದೇ. ಹಲಗೆ ಎತ್ತುವ ಕಬ್ಬಿಣದ ಕೊಕ್ಕೆ ಎರಡೂ ಕೇರಿಯಲ್ಲಿ ಇರಬಾರದು. ಗಜನಿಯಲ್ಲಿ ಅಂಗೈ ಅಗಲದ ನೆಲವೂ ಇಲ್ಲದ ಮೂರನೇ ಕೇರಿಯ ಮನೆಯೊಂದರಲ್ಲಿ ಇರಬೇಕು. ಎರಡೂ ಕಡೆಯ ಮಾತು ಕೇಳಿ ಆ ಮನೆಯವರು ದಿನ ಹೇಳಬೇಕು, ಅವರೇ ಹಲಗೆ ಎತ್ತಬೇಕು. ಮೂರನೇ ಕೇರಿಯ ಆ ಮನೆ ನಮ್ಮದು. ಅಜ್ಜ ಮಾಡಿದ, ಆಮೇಲೆ ಅಪ್ಪ.

ಅಜ್ಜ ಯಾಕೆ ಒಪ್ಪಿಕೊಂಡ ಎಂದು ಅಪ್ಪನನ್ನು ಕೇಳಿದ್ದೆ. ಅಪ್ಪ ಮುಚ್ಚುಮರೆ ಇಲ್ಲದೆ ಹೇಳಿದ್ದ. ಅಜ್ಜನಿಗೆ ಮರ್ಯಾದೆಯ ಹುಚ್ಚು, ಎರಡೂ ಕೇರಿಯ ಮದುವೆಗಳಲ್ಲಿ ಮೊದಲ ಪಂಕ್ತಿಯಲ್ಲಿ ಕೂರಿಸುತ್ತಿದ್ದರು. ಮತ್ತೊಂದು, ಹೊಡೆದಾಟದಲ್ಲಿ ಯಾರಾದರೂ ಕಟ್ಟೆ ಒಡೆದರೆ ನಮ್ಮ ಕೇರಿಯ ಬಾವಿಗೆಲ್ಲ ಉಪ್ಪು ಬರುತ್ತದೆ. ಅಂದರೆ ಪುಣ್ಯಕಾರ್ಯ ಏನಲ್ಲ. ನಾನು ಕ್ಲಾಸಿನಲ್ಲಿ ಹೇಳುವ ಕಾರಣಗಳೂ ಇವೇ, ಸ್ವಲ್ಪ ಇಸ್ತ್ರಿ ಮಾಡಿರುತ್ತೇನೆ ಅಷ್ಟೆ.

ಕೊಕ್ಕೆ ಹಿಡಿದವನಿಗೆ ಒಂದು ಕಟ್ಟುಪಾಡು ಇತ್ತು. ಭತ್ತ ತೆನೆ ಬಿಟ್ಟಾಗಿನಿಂದ ಹಲಗೆ ಎತ್ತುವ ತನಕ ಎರಡೂ ಕೇರಿಯಲ್ಲಿ ಒಂದು ಲೋಟ ನೀರೂ ಕುಡಿಯುವಂತಿಲ್ಲ. ಕಟ್ಟೆಗೆ ಹೋಗುವಾಗ ಅಪ್ಪ ಮನೆಯಿಂದಲೇ ಬಾಟಲಿಯಲ್ಲಿ ನೀರು ಒಯ್ಯುತ್ತಿದ್ದ. "ಬಾ, ಒಂದ್ ಚಾ ಕುಡ್ಕಂಡು ಹೋಗು," ಎಂದು ಎರಡೂ ಕಡೆಯವರು ಕರೆಯುತ್ತಿದ್ದರು. ಅವನು ಬರುವುದಿಲ್ಲ ಎಂದು ಗೊತ್ತಿದ್ದೇ ಕರೆಯುತ್ತಿದ್ದರು.

ತಮ್ಮನಿಗೆ ಈ ಕಟ್ಟುಪಾಡು ಅಲ್ಲಿ ಉಪಯೋಗಕ್ಕೆ ಬಂತಂತೆ. ಅವನಿದ್ದ ಕಡೆ ದನ ಕಾಯುವವರಿಗೂ ಬೇಸಾಯ ಮಾಡುವವರಿಗೂ ದ್ವೇಷ. ಇವರ ಕೆಲಸ ನಡುವಿನ ರಸ್ತೆಯಲ್ಲಿ ಓಡಾಡುವುದು, ಹೆಂಗಸರು ಸೌದೆಗೆ ಹೋಗುವಾಗ ಜೊತೆಗೆ ಹೋಗುವುದು. ಒಬ್ಬ ಮುದುಕಿ ದಿನಾ ಮಾವಿನಹಣ್ಣು ತಂದು ಚೀಲಗಳ ಮುಂದೆ ಇಡುತ್ತಿದ್ದಳು. ತೆಗೆದುಕೊಂಡರೆ ಆಚೆಯವರು ನೋಡುತ್ತಾರೆ. "ನಾನ್ ಮುಟ್ಲಿಲ್ಲ ಅಕ್ಕಾ. ನಮ್ಮ ಮೇಲಿನವ್ರು ಇದನ್ನ ಹೇಳ್ಕೊಡೂಕೆ ಕ್ಲಾಸೇ ಮಾಡ್ದ್ರು. ನಂಗೆ ಮನೇಲೇ ಆಗಿತ್ತು," ಎಂದು ವಿಡಿಯೋ ಕಾಲಿನಲ್ಲಿ ನಗುತ್ತಿದ್ದ.

"ನೀ ಎಂತಕ್ಕೆ ಹೋದ್ದು ಹೇಳು, ನನ್ನ ಹುಡುಗ್ರು ಕೇಳ್ತ್ರು," ಎಂದೆ.

"ನಂಗೆ ಭತ್ಯೆ ಜಾಸ್ತಿ. ಎದೆಗೊಂದು ಪದಕ. ದೇಶಕ್ಕೆ ಎಂತ ಸಿಗ್ತದೆ ಅದನ್ನ ನೀನೇ ಹೇಳ್ಬೇಕು, ನೀ ಓದ್ದವ್ಳು." ಆಮೇಲೆ, "ಇಲ್ಲಿ ಎಂತದೂ ಆಗ್ದೇ ಇದ್ರೆ ಅದೇ ನಮ್ಮ ಕೆಲ್ಸ. ಈಗ್ ಸ್ವಲ್ಪ ದಿನದಿಂದ ಆ ಮುದುಕಿ ಹಣ್ಣು ತರೂದು ಬಿಟ್ಟಿದ್ಲು," ಎಂದ.

ಹಣ್ಣು ಮುಗಿದಿರಬೇಕು ಎಂದು ನಾನು ಅಂದುಕೊಂಡೆ. ಪಕ್ಕದಲ್ಲಿದ್ದ ಅಪ್ಪ ಮಾತ್ರ, "ಹುಷಾರು," ಎಂದ.

ಆ ವರ್ಷ ಮಳೆ ತಡವಾಗಿ ಹಿಡಿಯಿತು, ಬಿತ್ತನೆ ತಡವಾಯಿತು. ದೀಪಾವಳಿ ಅಮಾವಾಸ್ಯೆಯ ದೊಡ್ಡ ಉಬ್ಬರಕ್ಕೆ ಹಲಗೆ ತೆಗೆಯುವುದು ವಾಡಿಕೆ. ಆದರೆ ನವರಾತ್ರಿ ಕಳೆದರೂ ಮೇಲಿನಕೇರಿಯವರ ಭತ್ತ ಇನ್ನೂ ಹಸಿರಾಗಿಯೇ ನಿಂತಿತ್ತು. ಕೆಳಗಿನಕೇರಿಯವರು ಸಿಗಡಿಯ ಹಕ್ಕನ್ನು ಹೊರಗಿನ ಗುತ್ತಿಗೆದಾರನಿಗೆ ಕೊಟ್ಟಾಗಿತ್ತು, ಅವನಿಗೆ ಅಮಾವಾಸ್ಯೆಯೇ ಬೇಕು. ಎರಡೂ ಕಡೆಯವರು ಮನೆಗೆ ಬಂದು ಜಗಲಿಯಲ್ಲಿ ಕೂತು ಹೋದರು. ಮೊದಲೆಲ್ಲ ಹಿರಿಯರು ಬರುತ್ತಿದ್ದರು. ಈ ಸಲ ಬಂದವರು ಬೈಕಿನ ಹುಡುಗರು, ಮೊಬೈಲು ನೋಡುತ್ತಲೇ ಮಾತಾಡಿದರು.

ಅಷ್ಟರಲ್ಲಿ ಅಪ್ಪ ಒಂದು ತಪ್ಪು ಮಾಡಿದ.

ಮೇಲಿನಕೇರಿಯಲ್ಲಿ ಅವನ ಶಾಲೆಯ ಗೆಳೆಯ ತೀರಿಕೊಂಡ. ಸಾವಿನ ಮನೆಗೆ ಹೋಗದೆ ಇರಲಾದೀತೇ? ಹೋದ. ಮಣ್ಣು ಮುಗಿಸಿ ಬಿಸಿಲಲ್ಲಿ ಬರುವಾಗ ಕಣ್ಣು ಕತ್ತಲೆ ಬಂತಂತೆ, ಅವನಿಗೆ ಸಕ್ಕರೆ ಕಾಯಿಲೆ. ಪಕ್ಕದ ಮನೆಯವರು ಹಿಡಿದು ಜಗಲಿಯಲ್ಲಿ ಕೂರಿಸಿ ಕೈಗೆ ಸಿಹಿ ಚಹಾ ಕೊಟ್ಟರು. ಕುಡಿದ. ಯಾರೋ ಮೊಬೈಲಿನಲ್ಲಿ ಫೋಟೋ ಹೊಡೆದರು. ಸಂಜೆಯೊಳಗೆ ಆ ಫೋಟೋ ಕೆಳಗಿನಕೇರಿಯ ಪ್ರತಿಯೊಬ್ಬರ ಕೈಯಲ್ಲಿತ್ತು, ನನಗೂ ಯಾರೋ ಕಳಿಸಿದರು. ಅಪ್ಪ ಎರಡೂ ಕೈಯಲ್ಲಿ ಲೋಟ ಹಿಡಿದು, ಕಣ್ಣು ಮುಚ್ಚಿ, ಮಗುವಿನ ಹಾಗೆ ಕುಡಿಯುತ್ತಿದ್ದಾನೆ. ಕೆಳಗೆ ಬರೆದಿತ್ತು: "ಚಾ ಕುಡ್ದಾಯ್ತು. ಇನ್ ನ್ಯಾಯ ಎಲ್ಲಿಂದ?"

"ಪ್ರಜ್ಞೆ ತಪ್ಪುವ ಮನುಷ್ಯ ಚಹಾ ಕುಡಿದರೆ ಅದು ಪಕ್ಷಪಾತವಾ?" ಎಂದು ನಾನು ಮನೆಯಲ್ಲಿ ಕೂಗಾಡಿದೆ.

"ಹೌದು," ಎಂದ ಅಪ್ಪ. "ಅವ್ರು ಹೇಳೂದು ಸರಿ ಇದ್ದು. ಕುಡೀಬಾರ್ದಿತ್ತು."

ಮರುದಿನ ನನ್ನ ಅಮ್ಮ, ಆಯಿ ಎನ್ನುತ್ತೇವೆ, ಮೀನು ತರಲು ಹೋಗಿ ಬೇಗ ಬಂದಳು. ನಮಗೆ ಮೀನು ಕೊಡುವವಳು ಕೆಳಗಿನಕೇರಿಯವಳು. ಅವಳಿಗೂ ಆಯಿಗೂ ಚೌಕಾಸಿ ಎಂದರೆ ಒಂದು ಆಟ, ಅರ್ಧ ಬೆಳಿಗ್ಗೆ ಅದರಲ್ಲೇ ಹೋಗುತ್ತಿತ್ತು. "ಇವತ್ತು ನಾ ಹೇಳಿದ್ದಕ್ಕೇ ಕೊಟ್ಲು," ಎಂದು ಆಯಿ ಬುಟ್ಟಿ ಕೆಳಗಿಟ್ಟಳು. "ಮುಖ ಎತ್ತಿ ನೋಡ್ಲಿಲ್ಲ." ಆ ಮೀನನ್ನು ಅವಳು ಸಾರು ಮಾಡಿದಳು, ಆದರೆ ಯಾರೂ ಸರಿಯಾಗಿ ಉಣ್ಣಲಿಲ್ಲ.

ಅದಾದ ಮೇಲೆ ಬೈಕುಗಳು ಶುರುವಾದವು. ದೀಪ ಹಚ್ಚುವ ಹೊತ್ತಿಗೆ ನಮ್ಮ ಗೇಟಿನ ಮುಂದೆ ಬಂದು, ಇಂಜಿನ್ ಬಂದ್ ಮಾಡದೆ, ಸ್ವಲ್ಪ ಹೊತ್ತು ನಿಂತು ಹೋಗುತ್ತಿದ್ದವು. ಯಾವ ಕೇರಿಯವು ಎಂದು ತಿಳಿಯುತ್ತಿರಲಿಲ್ಲ. ಮೇಲಿನಕೇರಿಯವರಿಗೂ ಅನುಮಾನವಿತ್ತು. ಚಹಾದ ಆಪಾದನೆ ತೊಳೆಯಲು ಅಪ್ಪ ಬೇಗ ಹಲಗೆ ತೆಗೆದುಬಿಟ್ಟರೆ ಎಂದು ಅವರೂ ಕಾಯುತ್ತಿದ್ದರು. ನಮ್ಮ ಕೇರಿಯವರಂತೂ ನಮ್ಮ ಅಂಗಳಕ್ಕೆ ಬರುವುದನ್ನೇ ಬಿಟ್ಟರು. ಅದೇ ದಿನಗಳಲ್ಲಿ ತಮ್ಮನ ಫೋನೂ ನಿಂತಿತು. ಸಿಗ್ನಲ್ ಇಲ್ಲವೇನೋ ಎಂದುಕೊಂಡೆವು, ಬೇರೆ ಏನನ್ನೂ ಅಂದುಕೊಳ್ಳುವ ಧೈರ್ಯ ಇರಲಿಲ್ಲ.

"ಕೊಕ್ಕೆ ಪಂಚಾಯ್ತಿಗೆ ಕೊಟ್ಬಿಡು ಅಪ್ಪಾ," ಎಂದೆ. "ನಮಗೆ ಅಲ್ಲಿ ಎಂತ ಇದ್ದು? ಅವರ ಭತ್ತ, ಅವರ ಸಿಗಡಿ. ನಿನಗೆ ಏನಾದ್ರೂ ಆದ್ರೆ ಯಾರು ಬತ್ರು?" ಹೇಳುತ್ತಿದ್ದಂತೆ ಕೊನೆಯ ಬೆಂಚಿನ ಹುಡುಗನ ದನಿಯೇ ನನ್ನ ಬಾಯಿಂದ ಬಂದ ಹಾಗಾಯಿತು.

"ಈಗ ಕೊಟ್ರೆ, ತಗಂಡವ ಅದ್ರಲ್ಲೇ ಆಚೆಯವ್ನಿಗೆ ಹೊಡೀತ," ಎಂದ ಅಪ್ಪ.

ಅಮಾವಾಸ್ಯೆಯ ಬೆಳಿಗ್ಗೆ ಅಪ್ಪ ಕಟ್ಟೆಗೆ ಹೋದ. ಕೊಕ್ಕೆ ಒಯ್ಯಲಿಲ್ಲ. ಈ ಅಮಾವಾಸ್ಯೆಗೆ ಹಲಗೆ ತೆಗೆಯುವುದಿಲ್ಲ, ಹುಣ್ಣಿಮೆಯ ಉಬ್ಬರಕ್ಕೆ ತೆಗೆಯುತ್ತೇನೆ, ಅಷ್ಟರೊಳಗೆ ಕೊಯ್ಯದಿದ್ದರೆ ಕಾಯುವುದಿಲ್ಲ ಎಂದು ಎರಡೂ ಕಡೆಯವರ ಎದುರು ಹೇಳಿ ಬರುತ್ತೇನೆ ಎಂದು ಹೊರಟ. ನಾನೂ ಬರುತ್ತೇನೆ ಎಂದರೆ ಕೇಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಒಬ್ಬನೇ ನಡೆದು ಬಂದ. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದ, ಮಣಿಕಟ್ಟು ಊದಿತ್ತು, ಕಿವಿಯ ಮೇಲೆ ರಕ್ತ ಒಣಗಿತ್ತು.

"ಜಾರಿ ಬಿದ್ದೆ," ಎಂದ.

ಮಳೆ ಹೋಗಿ ಎಷ್ಟೋ ದಿನವಾಗಿತ್ತು. ಕಟ್ಟೆ ಒಣಗಿ ಬಿರುಕು ಬಿಟ್ಟಿತ್ತು. ಆಯಿ ಅಳುತ್ತ ರಕ್ತ ಒರೆಸಿದಳು. ಯಾರು ಹೊಡೆದದ್ದು ಎಂದು ನಾನು ಕೇಳಿದೆ, ಬೈದೆ, ಕಾಲು ಹಿಡಿದೆ. ಅವನ ಬಾಯಿಂದ ಬಂದದ್ದು ಆ ಎರಡೇ ಮಾತು. ಕುಮಟೆಯ ಆಸ್ಪತ್ರೆಗೆ ಬೇಡ ಎಂದ, ಅಲ್ಲಿ ಎರಡೂ ಕೇರಿಯವರು ಯಾವಾಗಲೂ ಕೂತಿರುತ್ತಾರೆ. ಹೊನ್ನಾವರಕ್ಕೆ ಕರೆದುಕೊಂಡು ಹೋದೆ. ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ, ಅಪ್ಪನನ್ನು ನೋಡಿ, "ಇದು ಬಿದ್ದದ್ದಲ್ಲ ಅಜ್ಜಾ, ಪೊಲೀಸರಿಗೆ ಹೇಳ್ಬೇಕಾ?" ಎಂದರು.

"ಜಾರಿ ಬಿದ್ದೆ ಸಾರ್. ಬರ್ಕೊಳ್ಳಿ."

ವಾಪಸು ಬರುವಾಗ ಬಸ್ಸಿನಲ್ಲಿ ಅವನ ಪ್ಲಾಸ್ಟರ್ ಕೈ ನನ್ನ ಮಡಿಲಲ್ಲಿತ್ತು. ಯಾವ ಕಡೆಯ ಏಟು ಎಂದು ಅವನೊಮ್ಮೆ ಬಾಯಿಬಿಟ್ಟರೆ ಇನ್ನೊಂದು ಕಡೆಯವರು ಅವನ ಹೆಸರಿನಲ್ಲೇ ದೊಣ್ಣೆ ಎತ್ತುತ್ತಾರೆ. ನನಗೆ ಅದು ಗೊತ್ತಿತ್ತು. ಗೊತ್ತಿದ್ದೂ ಸಿಟ್ಟು ಇಳಿಯಲಿಲ್ಲ, ಇವತ್ತಿಗೂ ಇಳಿದಿಲ್ಲ.

ಕೆಲವು ದಿನ ಬಿಟ್ಟು ತಮ್ಮನ ವಿಡಿಯೋ ಕಾಲು ಬಂತು. ಜೀವ ಬಂದ ಹಾಗಾಯಿತು. ಅವನ ಬಲಗಿವಿಯಲ್ಲಿ ಹತ್ತಿ ಇತ್ತು, ಕೆನ್ನೆ ಒಂದು ಬದಿಗೆ ಊದಿತ್ತು. ಹಲ್ಲುನೋವು, ಕಿವಿ ಸೋರುತ್ತಿದೆ ಎಂದ. ಆಮೇಲೆ ಅಪ್ಪನ ಪ್ಲಾಸ್ಟರ್ ಕಂಡಿತು.

"ಎಂತಾಯ್ತು?"

"ಕಟ್ಟೆ ಮೇಲೆ ಜಾರಿ ಬಿದ್ದೆ ಮಗಾ."

ತಮ್ಮ ಮುಖ ಹತ್ತಿರ ತಂದು ಪ್ಲಾಸ್ಟರನ್ನೇ ನೋಡಿದ. ಫೋನಿನ ಆಚೆ ಯಾವುದೋ ಗಾಡಿಯ ಸದ್ದು ಬಂದು ಹೋಯಿತು. "ಔಷಧಿ ಸರಿ ತಗೊ," ಎಂದಷ್ಟೇ ಹೇಳಿದ. ಯಾರು ಎಂದು ಅವನೂ ಕೇಳಲಿಲ್ಲ.

ಫೋನು ಇಟ್ಟ ಮೇಲೆ ಅಪ್ಪ ಗೋಡೆ ನೋಡುತ್ತ ಕೂತ. "ಅದು ಕಿವಿ ಸೋರೂದಲ್ಲ," ಎಂದ. ಆಯಿ ಅಡುಗೆಮನೆಯಲ್ಲಿದ್ದಳು, ಅವಳಿಗೆ ಕೇಳಿಸಲಿಲ್ಲ. ನಾನೂ ಹೇಳಲಿಲ್ಲ.

ಹುಣ್ಣಿಮೆ ಬಂತು. ಭತ್ತ ಕೊಯ್ದಾಗಿತ್ತು. ಅಪ್ಪ ಮಾತು ಕೊಟ್ಟಿದ್ದ, ಹಲಗೆ ತೆಗೆಯಲೇಬೇಕು. ನಮ್ಮ ಕೇರಿಯ ಗಂಡಸರನ್ನು ಕೇಳಿ ನೋಡಿದೆ. ಒಬ್ಬನಿಗೆ ಸೊಂಟ ನೋವು, ಒಬ್ಬನಿಗೆ ಇಡಗುಂಜಿಗೆ ಹರಕೆ, ಇನ್ನೊಬ್ಬ ಬಾಗಿಲೇ ತೆಗೆಯಲಿಲ್ಲ. ಬಂದು ನೋಡಿದರೆ ಅಪ್ಪ ಅಂಗಳದಲ್ಲಿ ನಿಂತು, ಎಡಗೈಯಲ್ಲಿ ಕೊಕ್ಕೆ ಎತ್ತಿ, ಬಾವಿಯ ಕಲ್ಲಿಗೆ ಸಿಕ್ಕಿಸಿ ಎಳೆದು ನೋಡುತ್ತಿದ್ದ. ಕೊಕ್ಕೆ ಜಾರಿತು. ಮತ್ತೆ ಸಿಕ್ಕಿಸಿದ. ನನ್ನನ್ನು ಅವನು ಏನೂ ಕೇಳಲಿಲ್ಲ.

ನಾನು ಹೋಗಿ ಅವನ ಕೈಯಿಂದ ಕೊಕ್ಕೆ ತೆಗೆದುಕೊಂಡೆ. ಧರ್ಮ, ಶಾಂತಿ ಏನೂ ನೆನಪಾಗಲಿಲ್ಲ. ಅವನು ಇನ್ನೊಂದು ಸಲ ಆ ಕಟ್ಟೆಯ ಮೇಲೆ ಹೋಗಬಾರದು ಎಂಬುದೊಂದೇ ಇದ್ದದ್ದು.

"ಹೆಂಗ್ಸು ಕಟ್ಟೆ ಹತ್ತಿದ್ದೇ ಇಲ್ಲ," ಎಂದಳು ಆಯಿ. ಎನ್ನುತ್ತಲೇ ಬಾಟಲಿಗೆ ನೀರು ತುಂಬಿದಳು.

ಕಟ್ಟೆಯ ಮೇಲ್ಬದಿಗೆ ಒಂದು ಗುಂಪು, ಕೆಳಬದಿಗೆ ಒಂದು ಗುಂಪು. ಯಾರೂ ಚಹಾಕ್ಕೆ ಕರೆಯಲಿಲ್ಲ, ಅದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾಗಿಲ ಮೇಲೆ ಬಗ್ಗಿದೆ. ಹಲಗೆಗಳು ನೀರು ಕುಡಿದು ಬಿಗಿದುಕೊಂಡಿದ್ದವು. ಮೊದಲ ಹಲಗೆ ಅಲುಗಾಡಲೇ ಇಲ್ಲ. ಸಹಾಯಕ್ಕೆ ಯಾರೂ ಬರುವಂತಿಲ್ಲ, ಒಬ್ಬ ಬಂದರೆ ಇನ್ನೊಂದು ಕಡೆಯವರೂ ಬರುತ್ತಾರೆ. ಅಂಗೈ ಸುಲಿದು ಹೋಯಿತು. ಹಲಗೆ ಕೊನೆಗೂ ಮೇಲೆ ಬಂತು, ಸಂದಿಯಿಂದ ಹೊಳೆಯ ನೀರು ಒಳಗೆ ನುಗ್ಗಿತು.

ಉಸಿರು ಬಿಟ್ಟು ತಲೆಯೆತ್ತಿದೆ. ಕೆಳಗಿನಕೇರಿಯ ಗುಂಪಿನಿಂದ ಒಬ್ಬ ಮುಂದೆ ಬಂದು ಕಟ್ಟೆಯ ಮೇಲೆ ನಿಂತಿದ್ದ. ನನ್ನ ಕ್ಲಾಸಿನ ಕೊನೆಯ ಬೆಂಚಿನ ಹುಡುಗ. ಅವನು ಈ ಕೇರಿಯವನು ಎಂದು ನನಗೆ ಗೊತ್ತೇ ಇರಲಿಲ್ಲ. ಅವನ ಎರಡೂ ಕೈ ಬೆನ್ನ ಹಿಂದೆ ಇದ್ದವು.

"ಮೇಡಂ," ಎಂದ, ಕ್ಲಾಸಿನಲ್ಲಿ ಕೇಳಿದಷ್ಟೇ ಮೆತ್ತಗೆ. "ಇದ್ರಲ್ಲಿ ನಿಮಗೆಂತ ಕೆಲ್ಸ?"

ಆ ಕೈಗಳಲ್ಲಿ ಏನಿದೆ ಎಂದು ನನಗೆ ಕಾಣುತ್ತಿರಲಿಲ್ಲ. ಅಪ್ಪನಿಗೂ ಹೀಗೇ ಯಾರೋ ಎದುರು ನಿಂತಿರಬೇಕು. ಸಮುದ್ರದಾಚೆ ನನ್ನ ತಮ್ಮನಿಗೂ. ಬಾಟಲಿ ಎತ್ತಿ ನಮ್ಮ ಬಾವಿಯ ನೀರು ಕುಡಿದೆ. ಆಮೇಲೆ ಅವನಿಗೆ ಬೆನ್ನು ತಿರುಗಿಸಿ ಎರಡನೇ ಹಲಗೆಗೆ ಕೊಕ್ಕೆ ಹಾಕಿದೆ. ಕೊನೆಯ ಹಲಗೆ ಬರುವ ತನಕ ಅವನು ಅಲ್ಲೇ ನಿಂತಿದ್ದ ಎಂಬುದು ನೀರಿನಲ್ಲಿ ಬಿದ್ದ ಅವನ ನೆರಳಿನಿಂದ ಗೊತ್ತಾಗುತ್ತಿತ್ತು.

ಮನೆಗೆ ಬಂದಾಗ ಅಪ್ಪ ಗೇಟಿನಲ್ಲೇ ಇದ್ದ. ತಲೆ ನೋಡಿದ, ಕೈ ತಿರುಗಿಸಿ ನೋಡಿದ, ಸುತ್ತು ಬಂದು ಬೆನ್ನು ನೋಡಿದ.

"ಜಾರ್ಲಿಲ್ಲ ಅಲ್ದ?"

"ಇಲ್ಲ ಅಪ್ಪಾ."

"ಆತು," ಎಂದ. ಕೊಕ್ಕೆಯನ್ನು ತೊಳೆದು ಒರೆಸಿ, ಅದರ ಜಾಗದಲ್ಲಿ ತೂಗುಹಾಕಿದ. ಆಮೇಲೆ ನನ್ನ ಮುಖ ನೋಡದೆ, "ಮಳೆಗಾಲಕ್ಕೆ ಹಲಗೆ ಹಾಕೂಕೆ ಇನ್ ನೀನೇ ಹೋಗ್ಬೇಕು. ಅವ್ರು ನಿನ್ ಕೈಲಿ ಕೊಕ್ಕೆ ನೋಡಾಯ್ತು," ಎಂದ.